ಗ್ಲೌಸ್ ಹಾಕಿದ್ರೆ ಕೆಲಸ ಮಾಡದ ಪೆನ್ನು: ಕೂದಲು ತೆಗೆಯೋ ಎಲೆಕ್ಟ್ರಾಲಿಸಿಸ್ ಡಿವೈಸ್ ಒಂದರ ಕೇಸ್

ಕೇಸ್ ಇಷ್ಟು. ನಮ್ಮ ಅತ್ತಿಗೆಗೆ ಐವತ್ತು ದಾಟಿದೆ, ಸೋಮವಾರಪೇಟೆ ಕಡೆ ತೋಟದ ಮನೆ. ಗದ್ದದ ಕೆಳಗೆ ಮತ್ತೆ ಬಾಯಿಯ ಎರಡೂ ಮೂಲೆಯಲ್ಲಿ ಗಡುಸು ಕೂದಲು, ಅದ್ರಲ್ಲಿ ಮುಕ್ಕಾಲು ಪಾಲು ಬೆಳ್ಳಗಾಗಿರೋದು. ಮೈಸೂರಿಗೆ ಹೋಗಿ ಲೇಸರ್ ಮಾಡಿಸಿದ್ರು, ಕಪ್ಪು ಕೂದಲು ಕಮ್ಮಿ ಆಯ್ತು, ಬಿಳಿದು ಹಂಗೇ ಉಳೀತು. ಆಮೇಲೆ ಯಾರೋ ಹೇಳಿದ್ರು ಅಂತ ಆನ್‌ಲೈನಲ್ಲಿ ಕೈಯಲ್ಲಿ ಹಿಡಿಯೋ ಬ್ಯಾಟರಿ ಎಲೆಕ್ಟ್ರಾಲಿಸಿಸ್ ಪೆನ್ ಒಂದು ತರಿಸಿದ್ರು, ಅಂದ್ರೆ ಕೂದಲಿನ ಬುಡಕ್ಕೆ ಸೂಜಿ ಇಳಿಸಿ ಕರೆಂಟ್ ಹಾಯಿಸೋದು. ಅವ್ರೇ ಕನ್ನಡಿ ಮುಂದೆ ಕೂತು ಮಾಡ್ಕೊಂಡ್ರೆ ಸ್ವಲ್ಪ ಕೂದಲು ಬರ್ತಿತ್ತು, ಜೊತೆಗೆ ಸಣ್ಣ ಸಣ್ಣ ಗಾಯ. ಕುಶಾಲನಗರದಲ್ಲಿ ಅವ್ರು ಯಾವಾಗ್ಲೂ ಥ್ರೆಡಿಂಗ್‌ಗೆ ಹೋಗೋ ಪಾರ್ಲರ್ ಅಕ್ಕನ ಕೈಗೆ ಅದೇ ಪೆನ್ ಕೊಟ್ರೆ ಒಂದು ಕೂದಲೂ ಅಲ್ಲಾಡ್ಲಿಲ್ಲ. ಪೆನ್ ಹಾಳಾಗಿದೆ ಅಂತ ನನ್ನ ಬೆಂಚಿಗೆ ಬಂತು. ನಾನು ಇನ್ವರ್ಟರ್, ಪಂಪಿನ ಸ್ಟಾರ್ಟರ್, ಯುಪಿಎಸ್ ಇಂಥದ್ದೆಲ್ಲ ರಿಪೇರಿ ಮಾಡೋನು, ಇದು ಹೊಸ ಪ್ರಾಣಿ.

ಪೆನ್ ಹಾಳಾಗಿರ್ಲಿಲ್ಲ. ಅದನ್ನ ಡಿಸೈನ್ ಮಾಡಿದ ರೀತಿಯೇ ಹಂಗಿತ್ತು. ಅದು ಯಾಕೆ ಅಂತ ಹುಡುಕ್ತಾ ಹೋಗಿ ಕಡೆಗೆ ಹೊಸದೊಂದನ್ನೇ ಮಾಡಬೇಕಾಗಿ ಬಂತು, ಅದನ್ನ ಇಲ್ಲಿ ಪೂರ್ತಿ ಬರೀತಿದೀನಿ, ಯಾಕಂದ್ರೆ ಇದೇ ಥರದ ಪೆನ್ ಇಟ್ಕೊಂಡು ಒದ್ದಾಡೋರು ಬೇರೆಯವ್ರೂ ಇರ್ತಾರೆ.

ಮೊದ್ಲು ಲೇಸರ್ ವಿಷ್ಯ. ಲೇಸರ್ ಬೆಳಕನ್ನ ಹಿಡಿಯೋದು ಕೂದಲಲ್ಲಿರೋ ಮೆಲನಿನ್, ಅಂದ್ರೆ ಕಪ್ಪು ಬಣ್ಣ. ಬಿಳಿ ಕೂದಲಲ್ಲಿ ಅದೇ ಇಲ್ಲ, ಹಂಗಾಗಿ ಬೆಳಕು ಸುಮ್ನೆ ಹಾದು ಹೋಗ್ತದೆ. ಕ್ಲಿನಿಕ್ಕಿನವ್ರದ್ದು ಇದ್ರಲ್ಲಿ ತಪ್ಪೇನಿಲ್ಲ, ಆ ಮಷೀನೇ ಹಂಗೆ. ಔಷಧಿ, ಮೆಡಿಕಲ್ ಸಾಧನ ನೋಡ್ಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಲೇಸರ್‌ಗೆ ಕೂದಲು ಶಾಶ್ವತವಾಗಿ ಕಮ್ಮಿ ಮಾಡ್ತದೆ ಅಂತ ಮಾತ್ರ ಹೇಳ್ಕೊಳ್ಳೋಕೆ ಬಿಡ್ತದೆ, ಶಾಶ್ವತವಾಗಿ ತೆಗೀತದೆ ಅನ್ನೋ ಮಾತು ಸೂಜಿ ಹಾಕೋ ಎಲೆಕ್ಟ್ರಾಲಿಸಿಸ್‌ಗೆ. ಇದಕ್ಕೆ ಕೂದಲ ಬಣ್ಣವೂ ಬೇಡ ಚರ್ಮದ ಬಣ್ಣವೂ ಬೇಡ. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದವ್ರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಮಾತು, ಸರ್ಕ್ಯೂಟಿಗೆ ಹೋಗೋ ಮುಂಚೆ. ಮುಖದ ಮೇಲೆ ಹೊಸದಾಗಿ ಗಡುಸು ಕೂದಲು ಬಂತು ಅಂದ್ರೆ ಮೊದ್ಲು ಡಾಕ್ಟರ್ ಹತ್ರ ಹೋಗ್ಬೇಕು. ಪಿಸಿಒಎಸ್ ಅನ್ನೋ ಅಂಡಾಶಯದ ಹಾರ್ಮೋನ್ ತೊಂದ್ರೆ ಇರಬಹುದು, ಬೇರೆ ಹಾರ್ಮೋನಿನ ತೊಂದ್ರೆ ಇರಬಹುದು, ಮುಟ್ಟು ನಿಲ್ಲೋ ವಯಸ್ಸಲ್ಲಿ ಈಸ್ಟ್ರೋಜನ್ ಇಳಿದು ಹಿಂಗಾಗೋದೂ ಉಂಟು. ಅತ್ತಿಗೆ ಅದೆಲ್ಲ ತೋರಿಸಿ ಆಗಿತ್ತು. ಶುಗರ್ ಇಲ್ಲ, ಪೇಸ್‌ಮೇಕರ್ ಇಲ್ಲ, ಗಾಯ ಆದ ಜಾಗದಲ್ಲಿ ಗಂಟು ಕಟ್ಟೋ ಚರ್ಮವೂ ಅಲ್ಲ. ಈ ಪ್ರಶ್ನೆಗಳಿಗೆ ಹೌದು ಅನ್ನೋ ಉತ್ತರ ಬಂದಿದ್ರೆ ನಾನು ಈ ಕೆಲಸಕ್ಕೆ ಕೈ ಹಾಕ್ತಿರ್ಲಿಲ್ಲ.

ಇದು ಹೊಸ ವಿದ್ಯೆ ಏನಲ್ಲ. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಚಾರ್ಲ್ಸ್ ಮೈಕೆಲ್ ಅನ್ನೋ ಕಣ್ಣಿನ ಡಾಕ್ಟರ್, ರೆಪ್ಪೆ ಕೂದಲು ಒಳಗಡೆ ತಿರುಗಿ ಕಣ್ಣಿಗೆ ಚುಚ್ಚೋರಿಗೆ ಅಂತ ಇದನ್ನ ಮಾಡಿದ್ದು. ಬ್ಯಾಟರಿಯ ನೆಗೆಟಿವ್ ವೈರನ್ನ ಸಣ್ಣ ಸೂಜಿಗೆ ಕೊಟ್ಟು ರೆಪ್ಪೆ ಕೂದಲಿನ ಬುಡಕ್ಕೆ ಇಳಿಸಿದ. ಇವತ್ತಿಗೂ ಅದೇ ಕೆಲಸ. ಕೂದಲಿನ ಗುಳಿ, ಅಂದ್ರೆ ಚರ್ಮದಲ್ಲಿ ಕೂದಲು ಹುಟ್ಟೋ ಸಣ್ಣ ಕೊಳವೆಯೊಳಗೆ ಉಪ್ಪು ನೀರು ಇದ್ದೇ ಇರ್ತದೆ, ನೆಗೆಟಿವ್ ಸೂಜಿಯ ಹತ್ರ ನೀರು ಒಡೆದು ಹೈಡ್ರೋಜನ್ ಗುಳ್ಳೆ ಬರ್ತದೆ, ಉಳಿದದ್ದು ಸೋಡಿಯಂ ಜೊತೆ ಸೇರಿ ಕಾಸ್ಟಿಕ್ ಸೋಡಾ ಆಗ್ತದೆ. ಕೂದಲು ಬೆಳೆಸೋ ಜೀವಕೋಶವನ್ನ ಸಾಯಿಸೋದು ಈ ಕಾಸ್ಟಿಕ್. ಕರೆಂಟು ಸುಡೋದಲ್ಲ. ಇದನ್ನ ಮೊದ್ಲು ತಲೆಗೆ ಹಾಕ್ಕೊಳ್ಳಿ, ಯಾಕಂದ್ರೆ ಡಿಸೈನ್ ಪೂರ್ತಿ ಇದ್ರ ಮೇಲೇ ನಿಂತಿದೆ. ವೈರ್ ಉಲ್ಟಾ ಆಗಿ ಸೂಜಿ ಪಾಸಿಟಿವ್ ಆದ್ರೆ ಅಲ್ಲಿ ಆಸಿಡ್ಡೂ ಕ್ಲೋರಿನ್ನೂ ಹುಟ್ಟಿ ಸೂಜಿಯ ಲೋಹವೇ ಕರಗಿ ಚರ್ಮದೊಳಗೆ ಕೂತು ಕಪ್ಪು ಚುಕ್ಕೆ ಬೀಳ್ತದೆ, ಹಚ್ಚೆ ಹಾಕಿಸ್ಕೊಂಡ ಹಾಗೆ ಹೋಗೋದೇ ಇಲ್ಲ.

ಈಗ ಆ ಪೆನ್ನಿಗೆ ಬರೋಣ. ಒಂಬತ್ತು ವೋಲ್ಟಿನ ಬ್ಯಾಟರಿ, ಮುಂದೆ ಸ್ಪ್ರಿಂಗ್ ಮೇಲೆ ಕೂತ ಸೂಜಿ, ಪಕ್ಕದಲ್ಲಿ ನಂಬರ್ ಬರೆದಿರೋ ಡಯಲ್, ಬೆರಳು ಹಿಡಿಯೋ ಜಾಗದಲ್ಲಿ ಸುತ್ತ ಒಂದು ಲೋಹದ ಪಟ್ಟಿ. ಆ ಪಟ್ಟಿ ಚಂದಕ್ಕೆ ಅಂತ ಅತ್ತಿಗೆ ಅಂದ್ಕೊಂಡಿದ್ರು. ಅದೇ ಪಾಸಿಟಿವ್. ಕರೆಂಟು ಪಟ್ಟಿಯಿಂದ ಬೆರಳಿಗೆ, ತೋಳಿಗೆ, ಅಲ್ಲಿಂದ ಮೈಯೊಳಗೆ ಹಾದು ಮುಖಕ್ಕೆ, ಸೂಜಿಗೆ ಬಂದು ಬ್ಯಾಟರಿಗೆ ವಾಪಸ್. ತಾನೇ ಹಿಡ್ಕೊಂಡು ತನಗೇ ಮಾಡ್ಕೊಂಡ್ರೆ ಸರ್ಕ್ಯೂಟ್ ಪೂರ್ತಿ ಆಗ್ತದೆ. ಪಾರ್ಲರ್ ಅಕ್ಕ ಹಿಡ್ಕೊಂಡ್ರೆ? ಪಟ್ಟಿ ಇರೋದು ಅಕ್ಕನ ಬೆರಳಲ್ಲಿ, ಸೂಜಿ ಇರೋದು ಅತ್ತಿಗೆ ಗದ್ದದಲ್ಲಿ. ಅಕ್ಕನ ಎಡಗೈ ಬೆರಳು ಅತ್ತಿಗೆ ಚರ್ಮವನ್ನ ಎಳೆದು ಹಿಡಿದಿರ್ತದಲ್ಲ, ಆ ದಾರಿಯಲ್ಲಿ ಅಕ್ಕನ ಎರಡೂ ಕೈ, ಎದೆ ಎಲ್ಲ ಸುತ್ತಿ ಬರ್ಬೇಕು. ಅದೂ ಬರಿಗೈ ಆದ್ರೆ ಮಾತ್ರ. ಗ್ಲೌಸ್ ಹಾಕಿದ್ರೆ ರಬ್ಬರ್, ಸರ್ಕ್ಯೂಟ್ ಕಟ್. ಅಕ್ಕ ಶುದ್ಧಕ್ಕೆ ಮಹತ್ವ ಕೊಡೋರು, ಗ್ಲೌಸ್ ಇಲ್ದೆ ಸೂಜಿ ಮುಟ್ಟಲ್ಲ. ಅವ್ರು ಸರಿಯಾಗಿ ಕೆಲಸ ಮಾಡಿದ್ದಕ್ಕೇ ಪೆನ್ ಕೆಲಸ ಮಾಡ್ಲಿಲ್ಲ.

ಕರೆಂಟ್ ಅಳೆಯೋಕೆ ಮಲ್ಟಿಮೀಟರನ್ನ ಸೀರೀಸ್‌ನಲ್ಲಿ, ಅಂದ್ರೆ ಕರೆಂಟ್ ದಾರಿಯ ಮಧ್ಯೆ ಹಾಕಿ ಮೂರು ಜನ ಕೂತು ನೋಡಿದ್ವಿ. ಅತ್ತಿಗೆ ತಾನೇ ಹಿಡಿದಾಗ ಮೀಟರ್ ಏರ್ತದೆ, ಅಕ್ಕ ಬರಿಗೈಲಿ ಹಿಡಿದ್ರೆ ಹೆಚ್ಚುಕಮ್ಮಿ ಅರ್ಧ, ಗ್ಲೌಸ್ ಹಾಕಿದ ತಕ್ಷಣ ಸೊನ್ನೆ. ಅಕ್ಕ ಮೀಟರ್ ನೋಡಿ "ಅಯ್ಯೋ ಅಣ್ಣ, ಅಂದ್ರೆ ನನ್ನ ಮೈಯೊಳಗೂ ಕರೆಂಟ್ ಹೋಗ್ತಿತ್ತಾ" ಅಂದ್ರು. ಹೋಗ್ತಿತ್ತು, ಮಿಲಿಆಂಪಿನ ಒಂದು ಚೂರು, ಏನೂ ಆಗಲ್ಲ, ಆದ್ರೆ ಹೋಗ್ಬಾರ್ದಿತ್ತು.

ಎರಡನೇ ತೊಂದ್ರೆ ಡಯಲ್. ಅದು ಕರೆಂಟಿನ ಡಯಲ್ ಅಂತ ಎಲ್ರೂ ಅಂದ್ಕೋತಾರೆ, ಒಳಗೆ ಬಿಚ್ಚಿ ನೋಡಿದ್ರೆ ಬರೀ ಒಂದು ವೇರಿಯಬಲ್ ರೆಸಿಸ್ಟರ್. ಕರೆಂಟ್ ಎಷ್ಟು ಹರೀತದೆ ಅನ್ನೋದು ಚರ್ಮ ಎಷ್ಟು ಒಣಗಿದೆ ಅನ್ನೋದ್ರ ಮೇಲೆ. ನಮ್ಮ ಕಡೆ ಡಿಸೆಂಬರ್, ಜನವರಿ ಬೆಳಗ್ಗೆ ಕೈ ಹೇಗಿರ್ತದೆ ಗೊತ್ತಲ್ಲ, ಅದ್ರ ಮೇಲೆ ಕಾಫಿ ಕೊಯ್ಲಿನ ಸಮಯ, ಅತ್ತಿಗೆ ಆಳುಗಳ ಜೊತೆ ತಾವೂ ಕುಯ್ಯೋಕೆ ನಿಲ್ಲೋರು, ಅಂಗೈ ದಪ್ಪಗಾಗಿ ಬಿರುಕು ಬಿಟ್ಟಿರ್ತದೆ. ಅದೇ ಕೈ ಜುಲೈ ಮಳೆಯಲ್ಲಿ ನೆಂದು ಮೆತ್ತಗಿರ್ತದೆ. ಡಯಲ್ ಅದೇ ನಂಬರಲ್ಲಿ ಇಟ್ಟು ಒಣ ಕೈಯಲ್ಲೊಂದ್ಸಲ, ಒದ್ದೆ ಕೈಯಲ್ಲೊಂದ್ಸಲ ಹಿಡಿಸಿದ್ರೆ ಮೀಟರಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಅಂದ್ರೆ ಚಳಿಗಾಲದಲ್ಲಿ ಕೂದಲು ಸಾಯಲ್ಲ, ಮಳೆಗಾಲದಲ್ಲಿ ಚರ್ಮ ಸುಡ್ತದೆ, ತಪ್ಪು ಮಾತ್ರ ಅತ್ತಿಗೆ ಮೇಲೆ, "ನಂಗೇ ಸರಿಯಾಗಿ ಮಾಡಕ್ಕೆ ಬರಲ್ಲ" ಅಂತ.

ಮೂರನೇದು ಇನ್ನೂ ಕೆಟ್ಟದ್ದು. ಸೂಜಿ ಚರ್ಮ ಮುಟ್ಟಿದ ಕೂಡ್ಲೇ ಕರೆಂಟ್ ಶುರು. ಬಟನ್ ಒತ್ತೋ ತಾಪತ್ರಯ ಇಲ್ಲ ಅಂತ ಇದನ್ನೇ ದೊಡ್ಡ ಸೌಕರ್ಯ ಅಂತ ಡಬ್ಬದ ಮೇಲೆ ಬರ್ಕೊಂಡಿದಾರೆ. ಆದ್ರೆ ಸೂಜಿ ಗುಳಿಯೊಳಗೆ ಇಳಿದಿದೆಯಾ ಇಲ್ಲ ಚರ್ಮದ ಮೇಲೆ ಕೂತಿದೆಯಾ ಅಂತ ಪೆನ್ನಿಗೆ ಹೇಗೆ ಗೊತ್ತಾಗ್ಬೇಕು? ಸರಿಯಾಗಿ ಇಳಿದ ಸೂಜಿಗೆ ಕೈಗೆ ಏನೂ ತಡೆ ಗೊತ್ತಾಗಲ್ಲ, ಸುಮ್ನೆ ಜಾರಿ ಹೋಗ್ತದೆ. ಕೆಳಗಿರೋ ಸ್ಪ್ರಿಂಗ್ ಆ ಸೂಕ್ಷ್ಮವನ್ನೂ ಮುಚ್ಚಿ ಹಾಕ್ತದೆ, ಸೂಜಿ ಒಳಗೆ ಹೋಯ್ತಾ ಸ್ಪ್ರಿಂಗೇ ಹಿಂದಕ್ಕೆ ಹೋಯ್ತಾ ಗೊತ್ತಾಗಲ್ಲ. ಅತ್ತಿಗೆ ಗದ್ದದಲ್ಲಿ ಕೂದಲಿನ ಪಕ್ಕದಲ್ಲೇ ಸಾಸಿವೆಗಿಂತ ಸಣ್ಣ ಗಾಯದ ತಗ್ಗುಗಳು ಇದ್ದವು, ಕೂದಲು ಮಾತ್ರ ಹಂಗೇ ನಿಂತಿತ್ತು. ಕಾಸ್ಟಿಕ್ ತಯಾರಾಗಿದ್ದು ಮೇಲೆ, ಬೇಕಾಗಿದ್ದು ಕೆಳಗೆ.

ಹಂಗಾಗಿ ಹೊಸದು ಮಾಡೋದು ಅಂತ ಕೂತಾಗ ನನ್ನ ಮನಸ್ಸಲ್ಲಿದ್ದ ಮುಖ್ಯ ವಿಷ್ಯ ಒಂದೇ. ಈ ಡಿವೈಸ್ ಕರೆಂಟ್ ಕೊಡೋದಲ್ಲ, ಕಾಸ್ಟಿಕ್ ಅಳೆದು ಕೊಡಬೇಕು. ನಲ್ಲಿ ಎಷ್ಟು ತಿರುಗಿಸಿದೆ ಅಂತಲ್ಲ, ಬಕೆಟ್ಟಿಗೆ ಎಷ್ಟು ನೀರು ಬಿತ್ತು ಅಂತ ನೋಡ್ಬೇಕು. ವಿಜ್ಞಾನಿ ಫ್ಯಾರಡೇ ಹೇಳಿದ ಲೆಕ್ಕ, ಹುಟ್ಟೋ ಕಾಸ್ಟಿಕ್ ಕರೆಂಟನ್ನ ಸಮಯದಿಂದ ಗುಣಿಸಿದಷ್ಟು. ಎಲೆಕ್ಟ್ರಾಲಿಸಿಸ್ ಮಾಡೋರು ಇದಕ್ಕೇ ಒಂದು ಅಳತೆ ಇಟ್ಕೊಂಡಿದಾರೆ, ಯೂನಿಟ್ ಅಂತ. ಒಂದು ಮಿಲಿಆಂಪಿನ ಹತ್ತನೇ ಒಂದು ಭಾಗ ಒಂದು ಸೆಕೆಂಡ್ ಹರಿದ್ರೆ ಒಂದು ಯೂನಿಟ್. ತೆಳು ಕೂದಲಿಗೆ ಸುಮಾರು 15 ಯೂನಿಟ್, ಮಧ್ಯಮಕ್ಕೆ 45ರ ಆಸುಪಾಸು, ಗಂಡಸ್ರ ಗಡ್ಡದಂಥ ಆಳದ ಗಡುಸು ಕೂದಲಿಗೆ 80ರವರೆಗೂ ಹೋಗ್ತಾರೆ. 45 ಯೂನಿಟ್ ಅಂದ್ರೆ 0.3 ಮಿಲಿಆಂಪ್ ಹದಿನೈದು ಸೆಕೆಂಡ್. ಲೆಕ್ಕ ಹಾಕಿದ್ರೆ ಅಷ್ಟರಲ್ಲಿ ಹುಟ್ಟೋ ಕಾಸ್ಟಿಕ್ ಸೋಡಾ ಎರಡು ಮೈಕ್ರೋಗ್ರಾಮಿಗೂ ಕಮ್ಮಿ. ಅಷ್ಟು ಸಾಕು ಒಂದು ಕೂದಲಿನ ಕಥೆ ಮುಗಿಸೋಕೆ, ಅಷ್ಟೇ ಸಾಕು ತಪ್ಪು ಜಾಗದಲ್ಲಿ ಬಿದ್ರೆ ಗಾಯ ಮಾಡೋಕೂ.

ಇಷ್ಟು ನಿಧಾನ ಯಾಕೆ, ಬೇಗ ಆಗೋದು ಇಲ್ವಾ ಅಂತ ಅಕ್ಕ ಕೇಳಿದ್ರು. ಇದೆ. 1920ರ ದಶಕದಲ್ಲೇ ಫ್ರಾನ್ಸಿನ ಲಿಯಾನ್‌ನಲ್ಲಿ ಆಂರಿ ಬೋರ್ಡಿಯೇ ಅನ್ನೋ ಡಾಕ್ಟರ್ ರೇಡಿಯೋ ಫ್ರೀಕ್ವೆನ್ಸಿ ಹಾಕಿ ಗುಳಿಯನ್ನ ಬಿಸಿ ಮಾಡೋ ವಿಧಾನ ತಂದ, ಥರ್ಮಾಲಿಸಿಸ್ ಅಂತಾರೆ, ಕೆಲವೇ ಸೆಕೆಂಡಲ್ಲಿ ಕೆಲಸ ಮುಗೀತದೆ. ಈಗಿನ ದೊಡ್ಡ ಮಷೀನುಗಳು 13.56 ಇಲ್ಲ 27.12 ಮೆಗಾಹರ್ಟ್ಸ್‌ನಲ್ಲಿ ಓಡ್ತವೆ, ಬ್ಯಾಟರಿಯ ಡಿಸಿ ಕರೆಂಟನ್ನೂ ಈ ಬಿಸಿಯನ್ನೂ ಸೇರಿಸಿ ಮಾಡೋದಕ್ಕೆ ಬ್ಲೆಂಡ್ ಅಂತಾರೆ, ಅದು 1940ರ ದಶಕದ್ದು. ಆದ್ರೆ ಬಿಸಿಗೆ ಕ್ಷಮೆ ಇಲ್ಲ, ಕಾಲು ಸೆಕೆಂಡ್ ಜಾಸ್ತಿ ಆದ್ರೂ ಸುಟ್ಟು ಕಲೆ ಉಳೀತದೆ, ಕಲಿತ ಕೈ ಬೇಕು. ನಿಧಾನದ ಡಿಸಿ ವಿಧಾನದಲ್ಲಿ ಕೈ ತಪ್ಪಿದ್ರೆ ಪೆಡಲ್ ಮೇಲಿಂದ ಕಾಲು ತೆಗೆದು ನಿಲ್ಸೋಕೆ ಸಮಯ ಸಿಗ್ತದೆ. 1916ರಲ್ಲಿ ಪಾಲ್ ಕ್ರೀ ಅನ್ನೋನು ಇದೇ ನಿಧಾನಕ್ಕೆ ಬೇಸತ್ತು ಒಟ್ಟಿಗೆ ಹಲವು ಸೂಜಿ ಹಾಕೋ ಮಷೀನ್ ಮಾಡಿದ್ದ. ಕೈಯಲ್ಲಿ ಹಿಡಿಯೋ ಪೆನ್ನಿಗೆ ಅದೂ ಆಗಲ್ಲ. ಒಂದು ಸೂಜಿ, ಡಿಸಿ, ನಿಧಾನ. ಚಿಮುಟ ಥರ ಹಿಡಿದು ಸೂಜಿ ಇಲ್ದೆ ನೋವಿಲ್ದೆ ಅಂತ ಮಾರೋ ಮಷೀನುಗಳ ಆಸೆ ಬೇಡ, ರಿಮೂವಟ್ರಾನ್ ಅನ್ನೋ ಅಂಥದ್ದೊಂದರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸ್ ಹಾಕಿ, ಶಾಶ್ವತ ಅನ್ನೋ ಮಾತಿಗೆ ಆಧಾರ ಇಲ್ಲ ಅಂತ 1989ರಲ್ಲಿ ಅಪೀಲು ಕೋರ್ಟಲ್ಲೂ ಆಯ್ತು.

ಸರ್ಕ್ಯೂಟ್ ಇಷ್ಟ ಇಲ್ಲದೋರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.

ಒಂದು 18650 ಲಿಥಿಯಂ ಸೆಲ್, ಅದ್ರಿಂದ ಬೂಸ್ಟ್ ಮಾಡ್ಯೂಲ್ ಹಾಕಿ 24 ವೋಲ್ಟ್. ಒಂಬತ್ತು ವೋಲ್ಟ್ ಸಾಲಲ್ಲ, ಒಣ ಚರ್ಮದಲ್ಲಿ ಕರೆಂಟ್ ತಳ್ಳೋ ಶಕ್ತಿ ಇರಲ್ಲ. 24 ವೋಲ್ಟಿನ ಪಾಸಿಟಿವ್ ಒಂದು ಹತ್ತು ಕಿಲೋಓಮ್ ರೆಸಿಸ್ಟರ್ ದಾಟಿಯೇ ಹೊರಗೆ ಹೋಗೋದು. ಅಂದ್ರೆ ಒಳಗೆ ಏನೇ ಸುಟ್ಟು ಶಾರ್ಟ್ ಆದ್ರೂ 2.4 ಮಿಲಿಆಂಪಿಗಿಂತ ಜಾಸ್ತಿ ಹರಿಯೋಕೆ ದಾರಿಯೇ ಇಲ್ಲ. ಈ ರೆಸಿಸ್ಟರ್ ಒಂದೆರಡು ರೂಪಾಯಿದು, ಇಡೀ ಡಬ್ಬಿಯಲ್ಲಿ ನಂಗೆ ತುಂಬಾ ನಂಬಿಕೆ ಇರೋ ಭಾಗ ಅದೇ. ಸೂಜಿ ಕಡೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಅದ್ರ ಕೆಳಗೆ ಒಂದು ಕಿಲೋಓಮ್, ಅದನ್ನ ನೋಡ್ಕೊಳ್ಳೋಕೆ ಎಲ್‌ಎಂ358 ಆಪ್‌ಆಂಪ್. ಆಪ್‌ಆಂಪಿಗೆ 0.3 ವೋಲ್ಟ್ ಕೊಟ್ರೆ ಸೂಜಿಯಲ್ಲಿ 0.3 ಮಿಲಿಆಂಪ್, ಚರ್ಮ ಒದ್ದೆ ಇರ್ಲಿ ಒಣ ಇರ್ಲಿ. ಹಿಂಗೆ ಕಟ್ಟಿದ್ರೆ ಸೂಜಿ ತಾನಾಗೇ ನೆಗೆಟಿವ್ ಕಡೆಗೇ ಬೀಳ್ತದೆ, ಅದೊಂದು ಲಾಭ. 0.4 ಮಿಲಿಆಂಪಿನಲ್ಲಿ ರೆಸಿಸ್ಟರ್ ತಿನ್ನೋದೆಲ್ಲ ಕಳೆದು ಮೈಗೆ ಅಂತ ಹತ್ತೊಂಬತ್ತು ವೋಲ್ಟ್ ಉಳೀತದೆ, ನಲ್ವತ್ತೆಂಟು ಕಿಲೋಓಮ್ ತನಕ ತಳ್ತದೆ.

ಅದೇ ಒಂದು ಕಿಲೋಓಮಿನ ಮೇಲಿನ ವೋಲ್ಟೇಜನ್ನ ಎಟೈನಿ85 ಚಿಪ್ ಒಂದು ಸೆಕೆಂಡಿಗೆ ನೂರು ಸಲ ಓದಿ ಕೂಡಿಸ್ತಾ ಹೋಗ್ತದೆ. ಕೂಡಿದ್ದು ನಾವು ಇಟ್ಟ ಯೂನಿಟ್ಟಿಗೆ ಬಂದ ಕೂಡ್ಲೇ ಬೀಪ್ ಮಾಡಿ ತಾನೇ ನಿಲ್ಲಿಸ್ತದೆ. ಕರೆಂಟ್ ಮಧ್ಯದಲ್ಲಿ ಇಳಿದ್ರೆ ಅದು ಸಮಯ ಜಾಸ್ತಿ ತಗೊಳ್ತದೆ ಅಷ್ಟೇ, ಡೋಸ್ ಅದೇ. ಡಯಲ್‌ನಲ್ಲಿ ಬರೆದಿರೋದೂ ಈಗ ಮಿಲಿಆಂಪ್ ಅಲ್ಲ, ಯೂನಿಟ್. ಶುರುವಲ್ಲಿ ಕರೆಂಟ್ ಥಟ್ ಅಂತ ಬರ್ದೆ ಅರ್ಧ ಸೆಕೆಂಡಲ್ಲಿ ಮೆಲ್ಲಗೆ ಏರ್ತದೆ, ಹಂಗೇ ಇಳೀತದೆ, ಇದ್ರಿಂದ ಆ ಮೊದಲ ಚುಚ್ಚು ಕಮ್ಮಿ. ಚಾರ್ಜರ್ ಪಿನ್ ಹಾಕಿದ್ರೆ ಅದೇ ಜಾಗದಲ್ಲಿರೋ ಸ್ವಿಚ್ ಸೂಜಿಯ ಲೈನನ್ನ ಕತ್ತರಿಸ್ತದೆ. ಹಳೇ ತೋಟದ ಮನೆಗಳಲ್ಲಿ ಅರ್ತಿಂಗ್ ಹೇಗಿರ್ತದೆ ಅಂತ ನಂಗೆ ಗೊತ್ತು, ಗೋಡೆಯ ಕರೆಂಟಿಗೂ ಮುಖದ ಸೂಜಿಗೂ ಯಾವ ಸಂಬಂಧವೂ ಇರಕೂಡ್ದು. ಮಳೆಗಾಲದಲ್ಲಿ ಕರೆಂಟ್ ಹೋದ್ರೂ ಕೆಲಸ ನಿಲ್ಲಲ್ಲ ಅನ್ನೋದು ಬೋನಸ್.

ಪಾಸಿಟಿವ್ ಕಡೆಗೆ ಪೆನ್ನಿನ ಪಟ್ಟಿ ತೆಗೆದು ಬೇರೆ ವೈರ್ ಮಾಡಿದ್ವಿ, ತುದಿಗೆ ಫಿಸಿಯೋಥೆರಪಿಯಲ್ಲಿ ಹಾಕ್ತಾರಲ್ಲ ಆ ಟೆನ್ಸ್ ಪ್ಯಾಡ್. ಅತ್ತಿಗೆ ಮುಂಗೈ ಒಳಭಾಗಕ್ಕೆ ಅಂಟಿಸಿದ್ರೆ ಆಯ್ತು. ಕೈಯಲ್ಲಿ ಸ್ಟೀಲ್ ಕೋಲು ಹಿಡಿಸೋ ಪದ್ಧತಿಯೂ ಇದೆ, ಆದ್ರೆ ಕೊಯ್ಲಿನ ಕೈಗೆ ಅದು ನಂಬೋ ಹಾಗಿಲ್ಲ. ಪಾಸಿಟಿವ್ ಕಡೆ ಆಸಿಡ್ ಹುಟ್ಟೋದ್ರಿಂದ ಪ್ಯಾಡ್ ದೊಡ್ಡದಿರ್ಬೇಕು, ಚರ್ಮಕ್ಕೆ ಪೂರ್ತಿ ಅಂಟಿರ್ಬೇಕು, ಆ ಕೈಯ ಬಳೆ ಉಂಗುರ ತೆಗೆದಿಡ್ಬೇಕು. ಈಗ ಅಕ್ಕ ಗ್ಲೌಸ್ ಹಾಕಿದ್ರೂ ಸರ್ಕ್ಯೂಟಿಗೆ ಏನೂ ಆಗಲ್ಲ, ಅಕ್ಕನ ಮೈ ಅದ್ರೊಳಗೆ ಬರೋದೇ ಇಲ್ಲ.

ಸ್ವಿಚ್ ಕಾಲಿಗೆ. ಪೆನ್ ಮೇಲೆ ಬಟನ್ ಇಟ್ರೆ ಒತ್ತೋವಾಗ ಸೂಜಿ ಅಲ್ಲಾಡ್ತದೆ, ಅಲ್ಲಾಡೋದು ಅರ್ಧ ಮಿಲಿಮೀಟರ್ ಆದ್ರೂ ಗುಳಿಯ ಗೋಡೆ ತೂತಾಗ್ತದೆ. ಹಳೇ ಹೊಲಿಗೆ ಮಷೀನಿನ ಪೆಡಲ್ ಒಂದ್ರ ಹೊರಗಿನ ಡಬ್ಬಿ ಮಾತ್ರ ಇಟ್ಕೊಂಡು ಒಳಗೆ ಮೈಕ್ರೋಸ್ವಿಚ್ ಕೂರ್ಸಿದೆ. ಕಾಲು ತೆಗೆದ್ರೆ ನಿಂತೋಗ್ತದೆ. ಪೆನ್ನಲ್ಲಿ ಈಗ ಸ್ಪ್ರಿಂಗ್ ಇಲ್ಲ, ಬ್ಯಾಟರಿ ಇಲ್ಲ, ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಸಿಗೋ, ಸೂಜಿ ಕಚ್ಚಿ ಹಿಡಿಯೋ ಸಣ್ಣ ಪಿನ್ ವೈಸ್, ಅದಕ್ಕೆ ಮೆತ್ತನೆ ಸಿಲಿಕೋನ್ ವೈರ್. ಡಬ್ಬಿ ಪಕ್ಕದ ಸ್ಟೂಲ್ ಮೇಲೆ. ಕೈಯಲ್ಲಿ ಹಿಡಿಯೋ ಡಿವೈಸ್ ಅಂದ್ಮೇಲೆ ಎಲ್ಲಾ ಕೈಯಲ್ಲೇ ಇರ್ಬೇಕು ಅನ್ನೋದು ಮಾರೋರ ಆಸೆ, ಬೆರಳಿಗೆ ಬೇಕಾಗಿರೋದು ಭಾರ ಇಲ್ಲದ ತುದಿ.

ಸೂಜಿ ವಿಷ್ಯದಲ್ಲಿ ಉಳಿತಾಯ ಮಾಡಕ್ಕೆ ಹೋಗ್ಬೇಡಿ. ಹೊಲಿಗೆ ಸೂಜಿ, ಅಕ್ಯುಪಂಕ್ಚರ್ ಸೂಜಿ ಎರಡೂ ಚೂಪು, ಗುಳಿಯೊಳಗೆ ಜಾರೋ ಬದ್ಲು ಗೋಡೆ ಚುಚ್ಚಿ ಆಚೆ ಹೋಗ್ತವೆ. ಕೂದಲು ತೆಗೆಯೋಕೆ ಅಂತಲೇ ಮಾಡಿದ ಎಪಿಲೇಷನ್ ಸೂಜಿಯ ತುದಿ ಗುಂಡಗೆ ನುಣುಪಾಗಿರ್ತದೆ. ಅಳತೆ ಇಂಚಿನ ಸಾವಿರದ ಲೆಕ್ಕದಲ್ಲಿ, 3ನೇ ನಂಬರ್ 0.075 ಮಿಲಿಮೀಟರ್, 4ನೇ ನಂಬರ್ 0.1 ಮಿಲಿಮೀಟರ್, ಕೂದಲಿನ ದಪ್ಪಕ್ಕೆ ಹೊಂದೋದು ತಗೋಬೇಕು. ಒಂದೊಂದು ಸ್ಟೆರೈಲ್ ಪ್ಯಾಕೆಟ್‌ನಲ್ಲಿ ಬರೋದನ್ನ ಒಬ್ರಿಗೆ ಒಂದ್ಸಲ ಹಾಕಿ ಬಿಸಾಕ್ಬೇಕು. ಅಕ್ಕ ಮೊದ್ಲು "ಇಡ್ಲಿ ಪಾತ್ರೆಯಲ್ಲಿ ಬೇಯಿಸ್ಕೋತೀನಿ ಅಣ್ಣ, ಇನ್ನೊಬ್ರಿಗೂ ಆಗ್ತದಲ್ಲ" ಅಂದಿದ್ರು. ಹೆಪಟೈಟಿಸ್ ಬಿ ಅಷ್ಟು ಸುಲಭಕ್ಕೆ ಸಾಯಲ್ಲ. ಅದ್ರ ಮೇಲೆ ನಾವಿರೋದು ಎತ್ತರದಲ್ಲಿ, ಮಡಿಕೇರಿ ಸುಮಾರು 1,150 ಮೀಟರ್, ನೀರು ಕುದಿಯೋದೇ 96 ಡಿಗ್ರಿ ಹತ್ರ. ಪ್ರೆಶರ್ ಕುಕ್ಕರ್ ಕೂಡ ಸಮುದ್ರ ಮಟ್ಟದಲ್ಲಿ 15 ಪೌಂಡಿಗೆ 121 ಡಿಗ್ರಿ ಕೊಟ್ರೆ ಇಲ್ಲಿ ಎರಡು ಡಿಗ್ರಿ ಕಮ್ಮಿ. ಹಂಗಾಗಿ ಚಿಮುಟ ಮಾತ್ರ ಕುಕ್ಕರಲ್ಲಿ, ಅದೂ ವಿಸಲ್ ಲೆಕ್ಕ ಅಲ್ಲ, ಪ್ರೆಶರ್ ಬಂದ ಮೇಲೆ ಅರ್ಧ ಗಂಟೆ. ಸೂಜಿ ಹೊಸದೇ.

ಟೆಸ್ಟಿಗೆ ಮನೆಯಲ್ಲಿರೋದೇ ಸಾಕಾಯ್ತು. ಕಾಫಿ ಫಿಲ್ಟರ್ ಪೇಪರನ್ನ ಅರಿಶಿನ, ಉಪ್ಪು ಹಾಕಿದ ನೀರಲ್ಲಿ ಅದ್ದಿ ತಟ್ಟೆ ಮೇಲೆ ಹರಡಿ, ಅಂಚಿಗೆ ಪಾಸಿಟಿವ್ ಕ್ಲಿಪ್ ಹಾಕಿ, ನಡುವೆ ಸೂಜಿ ತುದಿ ಇಟ್ಟು ಪೆಡಲ್ ಒತ್ತಿದ್ರೆ ಸೂಜಿಯ ಸುತ್ತ ಕೆಂಪು ಚುಕ್ಕೆ ಏಳ್ತದೆ. ಅರಿಶಿನಕ್ಕೆ ಸುಣ್ಣ ಬಿದ್ರೆ ಓಕುಳಿ ಆಗ್ತದಲ್ಲ, ಅದೇ ಇದು, ಇಲ್ಲಿ ಸುಣ್ಣದ ಬದ್ಲು ಕಾಸ್ಟಿಕ್. 15 ಯೂನಿಟ್ಟಿಗೆ ಸಣ್ಣ ಚುಕ್ಕೆ, 45ಕ್ಕೆ ದೊಡ್ಡದು, ನೆಂದ ಪೇಪರಿಗೂ ಅರೆಒಣಗಿದ ಪೇಪರಿಗೂ ಹೆಚ್ಚುಕಮ್ಮಿ ಒಂದೇ ಗಾತ್ರ, ಅಂದ್ರೆ ಎಣಿಕೆ ಸರಿ ಇದೆ. ಕ್ಲಿಪ್ಪಿನ ಕಡೆ ಕ್ಲೋರಿನ್ ಹುಟ್ಟಿ ಅರಿಶಿನವೇ ಬಿಳಿಚಿಕೊಳ್ತದೆ. ಪ್ರತಿ ಸಲ ಶುರು ಮಾಡೋ ಮುಂಚೆ ಹಳೇ ಸೂಜಿ ಹಾಕಿ ಈ ಚುಕ್ಕೆ ನೋಡ್ಲೇಬೇಕು ಅಂತ ಅಕ್ಕನಿಗೆ ರೂಲ್ ಮಾಡಿದೀನಿ. ಕೆಂಪು ಬಂದ್ರೆ ಮುಂದೆ ಹೋಗಿ, ಬಿಳಿ ಬಂದ್ರೆ ವೈರ್ ಉಲ್ಟಾ, ಮುಖ ಮುಟ್ಬೇಡಿ.

ಕೈ ಅಭ್ಯಾಸಕ್ಕೆ ಹಂದಿ ಚರ್ಮ. ಕೊಡಗಲ್ಲಿ ಅದಕ್ಕೇನು ಬರ, ಆದ್ರೆ ಅಂಗಡಿಯಲ್ಲಿ ಸಿಗೋದು ಸುಟ್ಟು ಕೆರೆದ ಚರ್ಮ, ಕೂದಲಿರಲ್ಲ. ಸುಡದೇ ಇರೋ ತುಂಡು ಬೇಕು ಅಂದಾಗ ಅಂಗಡಿಯವ್ರು ನನ್ನ ಮುಖ ನೋಡಿ "ಎಂಥಕ್ಕೆ ಮಾರಾಯ್ರೆ, ಬ್ರಶ್ ಮಾಡ್ತೀರಾ" ಅಂತ ಕೇಳಿದ್ರು. ಅಕ್ಕ ಅದ್ರ ಮೇಲೆ ಕೂತು, ಕೂದಲು ಬಾಗಿರೋ ದಿಕ್ಕಲ್ಲೇ ಸೂಜಿ ಇಳಿಸೋದು, ತಡೆ ಸಿಕ್ಕಿದ್ರೆ ತಳ್ಳದೇ ವಾಪಸ್ ತೆಗೆಯೋದು ಕಲಿತ್ರು. ಡೋಸ್ ಬೀಳದ ಕೂದಲು ಎಳೆದ್ರೆ ಚರ್ಮ ಗೋಪುರದಂಗೆ ಏಳ್ತದೆ, ಡೋಸ್ ಸರಿಯಾಗಿ ಬಿದ್ದ ಕೂದಲು ಚಿಮುಟಕ್ಕೆ ಸುಮ್ನೆ ಬರ್ತದೆ, ಬುಡದಲ್ಲಿ ಒದ್ದೆ ಕವಚ ಅಂಟ್ಕೊಂಡು. ಸತ್ತ ಚರ್ಮದಲ್ಲಿ ನೋವು, ಕೆಂಪು, ವಾಸಿ ಆಗೋದು ಯಾವ್ದೂ ತಿಳಿಯಲ್ಲ ಅನ್ನೋದು ನೆನಪಿರ್ಲಿ, ಅದು ಕೈಗೆ ಪಾಠ ಅಷ್ಟೇ.

ಅತ್ತಿಗೆಗೆ ಶುರು ಮಾಡಿದ್ದು ಗದ್ದದ ಅಡಿಯಲ್ಲಿ, ಕಾಣದ ಜಾಗದ ಕೆಲವೇ ಕೂದಲು. ಒಂದು ವಾರ ಕಾದ್ವಿ. ಅವತ್ತು ಕೆಂಪಾಗಿ ಸ್ವಲ್ಪ ಊದಿತ್ತು, ಎರಡು ಮೂರು ದಿನದಲ್ಲಿ ಚುಕ್ಕೆಯಷ್ಟು ಹಕ್ಕಳೆ ಕಟ್ಟಿ ಉದುರ್ತು, ತಗ್ಗು ಬೀಳ್ಲಿಲ್ಲ. ಆಮೇಲೆ ಮುಂದುವರಿದ್ವಿ, 0.3 ಮಿಲಿಆಂಪ್, ಗಡುಸು ಕೂದಲಿಗೆ 45 ಯೂನಿಟ್ ಇಟ್ಕೊಂಡು, ಪಕ್ಕ ಪಕ್ಕದ ಕೂದಲು ಒಂದೇ ದಿನ ಮುಟ್ಟದೇ ಬಿಟ್ಟು ಬಿಟ್ಟು. ಎಂಟು ಹತ್ತು ಸೆಕೆಂಡ್ ಆಗೋವಾಗ ಕೂದಲಿನ ಬುಡದಲ್ಲಿ ಬಿಳಿ ನೊರೆ ಚೂರು ಕಾಣ್ತದೆ, ಅದು ಹೈಡ್ರೋಜನ್, ಸೂಜಿ ಸರಿ ಜಾಗದಲ್ಲಿದೆ ಅನ್ನೋದಕ್ಕೆ ಅಕ್ಕ ಈಗ ಅದನ್ನೇ ನೋಡ್ತಾರೆ. ಬಿಳಿ ಕೂದಲು ಮೇಲಿನ ಲೈಟಲ್ಲಿ ಕಾಣೋದೇ ಇಲ್ಲ, ಟಾರ್ಚನ್ನ ಕೆನ್ನೆಗೆ ಅಡ್ಡಲಾಗಿ ಇಟ್ರೆ ಒಂದೊಂದೂ ನೆರಳು ಬೀಳಿಸಿ ಎದ್ದು ಕಾಣ್ತದೆ. ಆದ್ಮೇಲೆ ತಣ್ಣನೆ ಬಟ್ಟೆ, ಲೋಳೆಸರ. ಕಾಸ್ಟಿಕ್ ಅಂದ್ರೆ ಕ್ಷಾರ ತಾನೇ, ಅಡುಗೆಗೆ ಹಾಕೋ ಹುಳಿ ಕಾಚಂಪುಳಿ ಹಚ್ಚಿದ್ರೆ ಸರಿಹೋಗಲ್ವಾ ಅಂತ ಅತ್ತಿಗೆ ತಮಾಷೆಗೋ ನಿಜಕ್ಕೋ ಕೇಳಿದ್ರು. ಅದನ್ನ ಪಂದಿಕರಿಗೇ, ಹಂದಿ ಸಾರಿಗೇ ಇಡಿ ಅಂದೆ.

ನಿಜವಾದ ಜಗಳ ನಡೆದಿದ್ದು ಥ್ರೆಡಿಂಗ್ ಬಿಡೋ ವಿಷ್ಯಕ್ಕೆ. ಕಿತ್ತರೆ ಗುಳಿ ಖಾಲಿ, ಸೂಜಿ ಹಾಕೋಕೆ ದಾರಿ ತೋರ್ಸೋ ಕೂದಲೇ ಇರಲ್ಲ, ವರ್ಷಗಟ್ಟಲೆ ಕಿತ್ತಿದ್ರೆ ಗುಳಿ ಸೊಟ್ಟಗೂ ಆಗಿರ್ತದೆ. ಕತ್ತರಿಯಲ್ಲಿ ಕತ್ತರಿಸಬಹುದು, ಕೀಳೋ ಹಾಗಿಲ್ಲ. ಮದುವೆ, ಪುತ್ತರಿ ಹಬ್ಬ ಅಂತ ನೆಂಟ್ರು ಬರೋ ಸಮಯದಲ್ಲಿ "ನೀನು ಹೇಳ್ತೀಯ, ಮುಖ ನಂದು" ಅಂತ ಅತ್ತಿಗೆ ಸಿಟ್ಟಾಗಿದ್ದು ನ್ಯಾಯವೇ. ಇನ್ನೊಂದು, ಎಲ್ಲಾ ಕೂದಲೂ ಒಂದೇ ಸಲ ಬೆಳೆಯೋ ಹಂತದಲ್ಲಿ ಇರಲ್ಲ, ಕೆಲವು ಮಲಗಿರ್ತವೆ, ತಿಂಗಳು ಬಿಟ್ಟು ಏಳ್ತವೆ. ಹಂಗಾಗಿ ವಾಪಸ್ ಬಂತು ಅಂತ ಕಾಣೋದ್ರಲ್ಲಿ ಬಹಳಷ್ಟು ವಾಪಸ್ ಬಂದಿದ್ದಲ್ಲ, ಹೊಸದಾಗಿ ಎದ್ದಿದ್ದು. ವರ್ಷದ ಮೇಲೆ ಹಿಡಿಯೋ ಕೆಲಸ ಇದು, ಈಗ ಅವ್ರ ಗದ್ದದ ಎಡಭಾಗ ಹೆಚ್ಚುಕಮ್ಮಿ ಖಾಲಿ, ಬಲಭಾಗ ನಡೀತಿದೆ, ಬಾಯಿಯ ಮೂಲೆ ಸೂಕ್ಷ್ಮ ಜಾಗ ಅಂತ ಅಕ್ಕ ಇನ್ನೂ ಮುಟ್ಟಿಲ್ಲ.

ಅಕ್ಕನಿಗೆ ಈಗ ಬೇರೆ ಐಡಿಯಾ ಬಂದಿದೆ, ಇಂಥದ್ದು ಇನ್ನೂ ನಾಲ್ಕು ಮಾಡಿ ಕೊಡಿ, ಗೋಣಿಕೊಪ್ಪ, ವಿರಾಜಪೇಟೆಯ ಪಾರ್ಲರ್‌ನೋರು ತಗೋತಾರೆ ಅಂತ. ಆಗಲ್ಲ ಅಂದೆ. ಮನೆಯವ್ರಿಗೆ ಬೆಂಚಲ್ಲಿ ಮಾಡಿದ್ದು ಬೇರೆ, ದುಡ್ಡಿಗೆ ಮಾರೋದು ಬೇರೆ. 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಇದೆ, 2020ರ ಏಪ್ರಿಲ್‌ನಿಂದ ಮೈಗೆ ಚಿಕಿತ್ಸೆ ಮಾಡೋ ಸಾಧನಗಳೆಲ್ಲ ಔಷಧಿ ಕಾಯ್ದೆಯ ಕೆಳಗೆ ಬಂದಿವೆ, ಅಮೆರಿಕದಲ್ಲೂ ಸೂಜಿ ಎಪಿಲೇಟರ್ ಮೆಡಿಕಲ್ ಡಿವೈಸ್ ಪಟ್ಟಿಯಲ್ಲೇ ಇದೆ. ಸೇಫ್ಟಿ ಟೆಸ್ಟ್ ಮಾಡಿಸ್ದೆ, ಲೈಸೆನ್ಸ್ ಇಲ್ದೆ ನನ್ನ ಸರ್ಕ್ಯೂಟ್ ಬೋರ್ಡನ್ನ ಗುರುತಿಲ್ಲದೋರ ಮುಖಕ್ಕೆ ಹಾಕಿಸೋ ಧೈರ್ಯ ನಂಗಿಲ್ಲ. ಸರ್ಕ್ಯೂಟ್ ಅರ್ಥ ಮಾಡ್ಕೊಳ್ಳೋರು ಕೇಳಿದ್ರೆ ಬರೆದು ಕೊಡ್ತೀನಿ, ಡಬ್ಬಿ ಕೊಡಲ್ಲ.

ಉಳಿದಿರೋ ಒಂದು ಕೊರತೆ ಅಂದ್ರೆ ಅತ್ತಿಗೆ ಮೊದ್ಲು ಕೇಳಿದ್ದು ಒಬ್ರೇ ಕೂತು ಮಾಡ್ಕೊಳ್ಳೋ ಪೆನ್ನು, ಆಗಿದ್ದು ಇಬ್ರು ಬೇಕಾಗೋ ಪೆನ್ನು. ಕನ್ನಡಿಯಲ್ಲಿ ಎಡ ಬಲ ಉಲ್ಟಾ, ಒಂದು ಕೈ ಚರ್ಮ ಎಳೀಬೇಕು, ಒಂದು ಕೈ ಸೂಜಿ, ಕಣ್ಣಿಗೆ ಲೂಪ್, ಅಂದ್ರೆ ಭೂತಗನ್ನಡಿ ಹಾಕಿದ್ರೆ ಕನ್ನಡಿಗೆ ಫೋಕಸ್ ಸಿಗಲ್ಲ, ಗದ್ದದ ಅಡಿ ಭಾಗ ಕಾಣೋದೇ ಇಲ್ಲ. ಫೋನಿನ ಕ್ಯಾಮೆರಾ ದೊಡ್ಡ ಸ್ಕ್ರೀನಿಗೆ ಹಾಕಿ ನೋಡಿದ್ವಿ, ಚಿತ್ರ ಒಂದು ಚೂರು ತಡವಾಗಿ ಬರ್ತದೆ, ಸೂಜಿ ಹಿಡಿದ ಕೈಗೆ ಆ ತಡ ಆಗಿಬರಲ್ಲ. ವೈರಲ್ಲಿ ನೇರ ಬರೋ ಹಳೇ ಅನಲಾಗ್ ಕ್ಯಾಮೆರಾ, ಕಾರಿನ ರಿವರ್ಸ್‌ಗೆ ಹಾಕ್ತಾರಲ್ಲ ಅದು, ಒಂದು ತಂದಿಟ್ಟಿದೀನಿ. ಅದ್ರ ಲೆನ್ಸ್ ಹತ್ತಿರದ ಫೋಕಸ್‌ಗೆ ತಿರುಗಿಸೋಕೆ ಅಂಟು ಕೆರೀಬೇಕು, ಈ ಮಳೆ ಕಳೆದ್ಮೇಲೆ ನೋಡ್ಬೇಕು. ಅಲ್ಲೀವರೆಗೂ ಅತ್ತಿಗೆ ಕುಶಾಲನಗರಕ್ಕೆ ಬಸ್ ಹತ್ತೋದು ತಪ್ಪಲ್ಲ.